ಬೆಳಕು ಸರಿ, ಗಾಳಿ ಎಲ್ಲಿ?

ಪಕ್ಕದ ತಗಡು ಕತ್ತರಿಸಿ ಗಾಜು ಕೂರಿಸಿದ್ದು, ನೆತ್ತಿಗೆ ನೀರಿನ ಕೂಲಿಂಗಿನ ರೇಡಿಯೇಟರ್ ಕೂರಿಸಲು ಕಿಂಡಿ ಕೊರೆದದ್ದು, ಕಾರಿನ ಬಣ್ಣ ಹೊಡೆದದ್ದು, ಒಳಗೆಲ್ಲ ಎಲ್‌ಇಡಿ ಪಟ್ಟಿ ಸುತ್ತಿದ್ದು. ಹೀಗೆ ಯಾರೋ ಮೊದಲೇ ‘ಮಾಡ್’ ಮಾಡಿದ ಕಂಪ್ಯೂಟರ್ ಕ್ಯಾಬಿನೆಟ್ ಕೊಳ್ಳುವವರು ಸಾಮಾನ್ಯವಾಗಿ ಮಾಡುವುದು ಒಂದೇ ಪರೀಕ್ಷೆ: ಕರೆಂಟು ಕೊಟ್ಟು, ಮಿನುಗುವುದನ್ನು ನೋಡಿ, ದುಡ್ಡು ಎಣಿಸುವುದು. ಬೆಳಕು ಕಟ್ಟಕಡೆಗೆ ನೋಡಬೇಕಾದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯಾಗಲಿ, ಮಾರುವವರ ಮನೆಯ ಹಜಾರವಾಗಲಿ, ಮೊದಲ ಕೆಲಸ ಎರಡೂ ಪಕ್ಕದ ಬಾಗಿಲು ಬಿಚ್ಚಿಸುವುದು. ಬಿಚ್ಚಲು ಒಪ್ಪದವರ ಹತ್ತಿರ ವ್ಯಾಪಾರ ಬೇಡ.

ಜೊತೆಗೆ ಒಯ್ಯಬೇಕಾದ್ದು: ಅಳತೆ ಟೇಪು, ಸ್ಟಾರ್ ಸ್ಕ್ರೂಡ್ರೈವರ್, ಸೆಲ್ಲೋ ಟೇಪು, ಸಣ್ಣ ಮಲ್ಟಿಮೀಟರ್, ಒಂದು ಟಿಶ್ಯೂ ಕಾಗದ. ಸಾಧ್ಯವಾದರೆ ಸತ್ತುಹೋದ ಒಂದು ಎಟಿಎಕ್ಸ್ ಅಳತೆಯ ಮದರ್‌ಬೋರ್ಡು. ರಿಪೇರಿ ಮಾಡುವವರ ಬಳಿ ಬಿದ್ದಿರುತ್ತದೆ, ಕೇಳಿ ತನ್ನಿ. ಅದಕ್ಕಿಂತ ಒಳ್ಳೆಯ ಅಳತೆಗೋಲು ಬೇರೆ ಇಲ್ಲ.

ಹಂತ 1: ಸೊಟ್ಟ ಇದೆಯೇ?

ಸಮನಾದ ನೆಲದ ಮೇಲಿಟ್ಟು ನಾಲ್ಕು ಮೂಲೆಯನ್ನೂ ಒತ್ತಿ ನೋಡಿ. ಒಂದು ಕಾಲು ಕುಣಿದರೆ ಚೌಕಟ್ಟು ತಿರುಚಿದೆ. ನೆತ್ತಿಯ ತಗಡು, ಹಾರ್ಡ್‌ಡಿಸ್ಕ್ ಪಂಜರ ಇವೆಲ್ಲ ಕ್ಯಾಬಿನೆಟ್ಟಿನ ಎಲುಬುಗಳು. ರಿವೆಟ್ ಒಡೆದು ಪಂಜರ ಕಿತ್ತವರು ಅದರ ಬದಲು ಆಸರೆ ಕೊಟ್ಟಿರುವುದಿಲ್ಲ. ಹಿಂಬದಿಯ ಚೌಕದ ಎರಡು ಕರ್ಣಗಳನ್ನು ಅಳೆಯಿರಿ. ವ್ಯತ್ಯಾಸ 2 ಮಿ.ಮೀ. ದಾಟಿದರೆ ಗ್ರಾಫಿಕ್ಸ್ ಕಾರ್ಡಿನ ಸ್ಕ್ರೂ ತೂತು ಕೂಡಿ ಬರುವುದಿಲ್ಲ. ‘ಸ್ವಲ್ಪ ಬಗ್ಗಿಸಿದರೆ ಕೂರುತ್ತೆ’ ಎಂಬ ಮಾತು ಬಂದರೆ ಅಲ್ಲಿಂದ ಎದ್ದು ಬನ್ನಿ.

ಹಂತ 2: ಅಳತೆ

ಎಟಿಎಕ್ಸ್ ಅಳತೆಪದ್ಧತಿ ಬಂದದ್ದು 1995ರಲ್ಲಿ. 305 × 244 ಮಿ.ಮೀ. ಬೋರ್ಡು ಅಂದಿನಿಂದ ಬದಲಾಗಿಲ್ಲ. ಆದ್ದರಿಂದ ಇಪ್ಪತ್ತು ವರ್ಷ ಹಳೆಯ ಕ್ಯಾಬಿನೆಟ್ಟಿಗೂ ಇವತ್ತಿನ ಬೋರ್ಡು ಕೂರುತ್ತದೆ. ಕೂರದೆ ಸತಾಯಿಸುವುದು ಗ್ರಾಫಿಕ್ಸ್ ಕಾರ್ಡು ಮತ್ತು ಪ್ರೊಸೆಸರ್ ಮೇಲೆ ಕೂರುವ ಕೂಲರ್. ಕಾರ್ಡಿನ ಉದ್ದಕ್ಕೆ, ಹಿಂಬದಿಯ ಸ್ಲಾಟಿನಿಂದ ಮುಂದಿನ ಫ್ಯಾನಿನ ಬೆನ್ನಿನವರೆಗೆ ಅಳೆಯಿರಿ. ಖಾಲಿ ಕ್ಯಾಬಿನೆಟ್ಟಿನ ಉದ್ದ ಹೇಳಿ ಮಾರುವವರು ಮುಂದೆ ರೇಡಿಯೇಟರ್ ಕೂತರೆ 27 ಮಿ.ಮೀ., ಅದರ ಫ್ಯಾನಿಗೆ 25 ಮಿ.ಮೀ., ಒಟ್ಟು 52 ಮಿ.ಮೀ. ಹೋಗುತ್ತದೆ ಎಂಬುದನ್ನು ಹೇಳುವುದಿಲ್ಲ. ಕೂಲರ್ ಎತ್ತರಕ್ಕೆ, ಬೋರ್ಡು ಕೂರುವ ಹಿತ್ತಾಳೆ ಗುಬಟೆಯ (ಸ್ಟ್ಯಾಂಡ್‌ಆಫ್) ತುದಿಯಿಂದ ಗಾಜಿನವರೆಗೆ ಅಳೆದು 10 ಮಿ.ಮೀ. ಕಳೆಯಿರಿ. 160 ಮಿ.ಮೀ. ಉಳಿಯದಿದ್ದರೆ ಬಹುತೇಕ ಟವರ್ ಕೂಲರ್‌ಗಳ ಆಸೆ ಬಿಡಿ. ಬೋರ್ಡಿನ ಬೆನ್ನ ಹಿಂದೆ ವೈರಿಗೆ 20 ಮಿ.ಮೀ. ಜಾಗ ಇರಲೇಬೇಕು, ಇಲ್ಲದಿದ್ದರೆ ಬೋರ್ಡಿಗೆ ಕರೆಂಟು ಒಯ್ಯುವ 24 ಪಿನ್ನಿನ ವೈರು ಬಾಗಿಲನ್ನು ಉಬ್ಬಿಸುತ್ತದೆ.

ಹಂತ 3: ಗಾಳಿ

ಎಲ್ಲರೂ ಎಡವುವುದು ಇಲ್ಲಿ. ಗಾಜಿನ ಹಿಂದೆ ಮೂರು ಫ್ಯಾನು ಬಣ್ಣಬಣ್ಣವಾಗಿ ತಿರುಗುತ್ತಿದ್ದರೆ ಗಾಳಿ ಬರುತ್ತಿದೆ ಎಂದೇ ಕಣ್ಣು ನಂಬುತ್ತದೆ. ಟೇಪು ನಂಬುವುದಿಲ್ಲ. 120 ಮಿ.ಮೀ. ಫ್ಯಾನಿನ ರೆಕ್ಕೆ ಬೀಸುವ ಜಾಗ, ನಡುವಿನ ಮೋಟಾರು ಬಿಟ್ಟು, ಸುಮಾರು 90 ಚದರ ಸೆಂ.ಮೀ. ಮೂರಕ್ಕೆ 270. ಈಗ ಮುಂಭಾಗದ ಗಾಜು ಮತ್ತು ಚೌಕಟ್ಟಿನ ನಡುವಿನ ಸಂದು ಅಳೆಯಿರಿ. ಅಕ್ಕಪಕ್ಕ 10 ಮಿ.ಮೀ. ಅಗಲ, 400 ಮಿ.ಮೀ. ಎತ್ತರದ ಎರಡು ಸೀಳು ಎಂದುಕೊಳ್ಳಿ. ಅದು 80 ಚದರ ಸೆಂ.ಮೀ. ಮೂರು ಫ್ಯಾನಿರಲಿ, ಒಂದಕ್ಕೂ ಸಾಲದು. ಮೂಗು ಮುಚ್ಚಿಕೊಂಡು ಓಡಿದ ಹಾಗೆ: ಸದ್ದು ಹೆಚ್ಚು, ಉಸಿರು ಕಡಿಮೆ. ಸಂದು, ಜಾಲರಿ, ಅಡಿಯ ಕಿಂಡಿ ಎಲ್ಲ ಕೂಡಿಸಿದರೂ ಫ್ಯಾನುಗಳ ಒಟ್ಟು ಜಾಗದ ಅರ್ಧ ಸಿಗದಿದ್ದರೆ ಆ ಕ್ಯಾಬಿನೆಟ್ ಬಿಡಿ. ಜಾಲರಿಯಿದ್ದರೆ ಟಾರ್ಚ್ ಹಿಡಿದು ತೂತು ಮತ್ತು ತಗಡಿನ ಪಾಲು ನೋಡಿ. ದಪ್ಪ ಬಣ್ಣ ಬಳಿದು ಅರ್ಧ ತೂತು ಮುಚ್ಚಿರುವುದು ಮಾಡ್ ಮಾಡಿದ ಪೆಟ್ಟಿಗೆಗಳಲ್ಲಿ ಮಾಮೂಲು.

ಮುಂದೆ ದಿಕ್ಕು. ಫ್ಯಾನಿನ ಒಂದು ಬದಿ ಬರೀ ರೆಕ್ಕೆ, ಇನ್ನೊಂದು ಬದಿಯಲ್ಲಿ ಮೋಟಾರು ಹಿಡಿದ ನಾಲ್ಕು ಕಡ್ಡಿ. ಗಾಳಿ ಹೊರಡುವುದು ಕಡ್ಡಿಯ ಕಡೆಯಿಂದ. ಕಡ್ಡಿ ಚೆನ್ನಾಗಿ ಕಾಣುವುದಿಲ್ಲವೆಂದು ಫ್ಯಾನು ತಿರುಗಿಸಿ ಕೂರಿಸುವವರಿದ್ದಾರೆ. ಆಗ ಮುಂದಿನ ಫ್ಯಾನು ಒಳಗಿನ ಗಾಳಿಯನ್ನೇ ಹೊರದಬ್ಬುತ್ತದೆ. ಟಿಶ್ಯೂ ಚೂರನ್ನು ಪ್ರತಿ ಫ್ಯಾನಿನ ಮುಂದೆ ಹಿಡಿಯಿರಿ, ಅಂಟಿಕೊಂಡರೆ ಎಳೆಯುತ್ತಿದೆ, ಹಾರಿದರೆ ದಬ್ಬುತ್ತಿದೆ. ಎಳೆಯುವ ಫ್ಯಾನು ದಬ್ಬುವುದಕ್ಕಿಂತ ಹೆಚ್ಚಿರಬೇಕು. ನೆತ್ತಿಯಲ್ಲಿ ಮೂರು, ಹಿಂದೊಂದು ಹೊರದಬ್ಬುತ್ತಾ ಮುಂದೆ ಎರಡೇ ಇದ್ದರೆ, ಕೊರತೆಯ ಗಾಳಿ ಯುಎಸ್‌ಬಿ ತೂತಿನಿಂದಲೂ ನುಗ್ಗುತ್ತದೆ, ಫಿಲ್ಟರಿಲ್ಲದೆ. ಮೆಟ್ರೊ ಕಾಮಗಾರಿಯೋ ಅಗೆದ ರಸ್ತೆಯೋ ಪಕ್ಕದಲ್ಲಿರುವ ಮನೆಗಳಿಗೆ ಇದು ಬೇಡವೇ ಬೇಡ. ಫಿಲ್ಟರ್ ಇದೆ ಎಂದು ತೋರಿಸಿದರೆ ಎಳೆದು ತೆಗೆಯಿಸಿ. ಅಡಿಯ ಫಿಲ್ಟರ್ ಮುಂದಿನಿಂದಲೋ ಪಕ್ಕದಿಂದಲೋ ಜಾರಿ ಬರಬೇಕು. ಇಡೀ ಪೆಟ್ಟಿಗೆ ಮಲಗಿಸಿ ಬಿಚ್ಚಬೇಕಾದದ್ದನ್ನು ಯಾರೂ ತೊಳೆಯುವುದಿಲ್ಲ. ಕಿಟಕಿಯ ಸೊಳ್ಳೆ ಪರದೆ ಕತ್ತರಿಸಿ ಅಂಟಿಸಿದ್ದು ಸೊಳ್ಳೆಯನ್ನು ತಡೆಯುತ್ತದೆ, ಧೂಳನ್ನಲ್ಲ.

ಕಂಪ್ಯೂಟರ್ ಒಳಗಿದ್ದರೆ ನಿಜವಾದ ಪರೀಕ್ಷೆ ಮಾಡಿ. ಮುಂದಿನ ಗಾಜು ತೆಗೆದು 20 ನಿಮಿಷ ಭಾರದ ಆಟವೋ ರೆಂಡರಿಂಗೋ ಓಡಿಸಿ ಪ್ರೊಸೆಸರ್ ಮತ್ತು ಕಾರ್ಡಿನ ಶಾಖ ಬರೆದುಕೊಳ್ಳಿ. ಗಾಜು ಹಾಕಿ ಇನ್ನು 20 ನಿಮಿಷ. ಏರಿಕೆ 3-4 ಡಿಗ್ರಿಯಾದರೆ ಸರಿ. 8 ದಾಟಿದರೆ ಆ ಗಾಜು ಷೋಕೇಸಿಗೆ. ಪರೀಕ್ಷೆ ಡಿಸೆಂಬರಿನಲ್ಲಿ ಮಾಡುತ್ತಿದ್ದರೆ ಏಪ್ರಿಲ್ ಲೆಕ್ಕ ಹಾಕಿ: ಕೋಣೆಯ ಶಾಖ ಎಷ್ಟು ಏರುತ್ತದೋ ಒಳಗಿನದೂ ಹೆಚ್ಚುಕಡಿಮೆ ಅಷ್ಟೇ ಏರುತ್ತದೆ. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಸಮುದ್ರದಂಡೆಗಿಂತ ಶೇ 10ರಷ್ಟು ತೆಳು. ಫ್ಯಾನು ಅಷ್ಟೇ ತಿರುಗಿದರೂ ಹೊತ್ತೊಯ್ಯುವ ಶಾಖ ಸ್ವಲ್ಪ ಕಡಿಮೆ.

ಕೈಯಿಂದ ಕೊರೆದ ಫ್ಯಾನ್ ಕಿಂಡಿಯಾದರೆ ಸ್ಕ್ರೂ ತೂತುಗಳ ನಡುವೆ ಅಳೆಯಿರಿ: 120 ಮಿ.ಮೀ. ಫ್ಯಾನಿಗೆ 105, 140ಕ್ಕೆ 124.5. ಎರಡೇ ಸ್ಕ್ರೂ ಹಿಡಿದ ಫ್ಯಾನು ರಾತ್ರಿಯೆಲ್ಲ ಗುಂಯ್‌ಗುಡುತ್ತದೆ.

ಹಂತ 4: ಅಂಚು, ಚೂರು, ಬಣ್ಣ

ಕತ್ತರಿಸಿದ ಅಂಚಿನ ಮೇಲೆ ಬೆರಳೆಳೆಯಬೇಡಿ, ಹತ್ತಿಯ ಬಟ್ಟೆ ಎಳೆಯಿರಿ. ನೂಲು ಸಿಕ್ಕಿಕೊಂಡರೆ ಅರದಿಂದ ಉಜ್ಜಿಲ್ಲ, ನಾಳೆ ಅಲ್ಲಿ ಸಿಕ್ಕಿಕೊಳ್ಳುವುದು ವೈರಿನ ಪ್ಲಾಸ್ಟಿಕ್. ವೈರು ಹಾಯುವ ಪ್ರತಿ ಕಿಂಡಿಗೂ ರಬ್ಬರ್ ಅಂಚು ಬೇಕು.

ಡ್ರಿಲ್ ಹೊಡೆದ ಲೋಹದ ಸುರುಳಿಗಳು ಮೂಲೆಗಳಲ್ಲಿ, ಮಡಿಕೆಗಳಲ್ಲಿ ಉಳಿದಿರುತ್ತವೆ. ಕೆಲವೊಮ್ಮೆ ಅವುಗಳ ಮೇಲೆಯೇ ಬಣ್ಣ ಹೊಡೆದಿರುತ್ತಾರೆ. ಸೆಲ್ಲೋ ಟೇಪನ್ನು ಬೋರ್ಡ್ ಕೂರುವ ತಗಡಿಗೆ, ಎಸ್‌ಎಂಪಿಎಸ್ (ಕರೆಂಟು ಕೊಡುವ ಪೆಟ್ಟಿಗೆ) ಗೂಡಿನ ಮೂಲೆಗೆ ಒತ್ತಿ ಎತ್ತಿ, ಬೆಳಕಿಗೆ ಹಿಡಿಯಿರಿ. ಅಯಸ್ಕಾಂತ ಸಾಲದು, ಅಲ್ಯೂಮಿನಿಯಂ ಚೂರು ಅದಕ್ಕೆ ಬರುವುದಿಲ್ಲ. ಟೇಪಿಗೆ ಒಂದೇ ಒಂದು ಹೊಳೆಯುವ ಎಳೆ ಬಂದರೂ ಮನೆಯಲ್ಲಿ ಬ್ಲೋವರ್ ಹಿಡಿದು ಪೂರ್ತಿ ತೊಳೆದೊರೆಸುವ ಕೆಲಸ ನಿಮ್ಮದು. ಬೋರ್ಡಿನ ಬೆನ್ನಿನ ಬೆಸುಗೆ ಚುಕ್ಕೆಗಳ ನಡುವೆ ಆ ಎಳೆ ಬಿದ್ದರೆ ಬೋರ್ಡು ಹೋದಂತೆಯೇ. ಅದೇ ಟೇಪಿನಿಂದ ಬಣ್ಣವೂ ಗೊತ್ತಾಗುತ್ತದೆ: ಪಕಳೆ ಕಿತ್ತುಬಂದರೆ ಸ್ಪ್ರೇ ಡಬ್ಬಿಯ ಕೆಲಸ. ಪೌಡರ್ ಕೋಟಿಂಗ್ ಹಾಗೆ ಬರುವುದಿಲ್ಲ. ಚೌಕಟ್ಟು ಚೆನ್ನಾಗಿದ್ದು ಬಣ್ಣವೊಂದೇ ಕೆಟ್ಟಿದ್ದರೆ ಬಿಡಬೇಡಿ, ಪೀಣ್ಯದಲ್ಲಿ ಪೌಡರ್ ಕೋಟಿಂಗ್ ಮಾಡುವವರಿಗೆ ಬರವಿಲ್ಲ. ಬಿಳಿ ಮಾತ್ರ ಆರಿಸಬೇಡಿ, ತಿಂಗಳಲ್ಲಿ ಕೆಮ್ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ.

ಈಗ ಸತ್ತ ಬೋರ್ಡು ಇಟ್ಟು ನೋಡಿ. ಒಂಬತ್ತು ತೂತಿಗೆ ಒಂಬತ್ತು ಗುಬಟೆ. ಬೋರ್ಡಿನಲ್ಲಿ ತೂತಿಲ್ಲದ ಕಡೆ ಹೆಚ್ಚುವರಿ ಗುಬಟೆ ನಿಂತಿದ್ದರೆ ಮೊದಲು ಅದನ್ನು ಕೀಳಿ. ಹೊಸ ಬೋರ್ಡು ಮೊದಲ ದಿನವೇ ಸುಡುವುದು ಅದರಿಂದ. ಮಲ್ಟಿಮೀಟರಿನ ಒಂದು ಕಡ್ಡಿ ಎಸ್‌ಎಂಪಿಎಸ್ ಸ್ಕ್ರೂ ಜಾಗಕ್ಕೆ, ಇನ್ನೊಂದು ಗುಬಟೆಗೆ, ಆಮೇಲೆ ಬಾಗಿಲಿಗೆ. 1 ಓಮ್ ಒಳಗಿರಬೇಕು. ಬರದಿದ್ದರೆ ಬಣ್ಣ ಅಡ್ಡ ಬಂದಿದೆ, ಸ್ಕ್ರೂ ಕೂರುವ ಕಡೆ ಕೆರೆದು ಲೋಹ ಕಾಣಿಸಿ. ಮುಟ್ಟಿದಾಗ ಬೆರಳು ಜುಮ್ಮೆಂದರೆ ಮಾತ್ರ ಕ್ಯಾಬಿನೆಟ್ಟನ್ನು ಬೈಯುವ ಮೊದಲು ಗೋಡೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ಇದೆಯೇ ಪರೀಕ್ಷಿಸಿ.

ಹಂತ 5: ಗಾಜು

ಅಕ್ರಿಲಿಕ್ ಬೇಡ. ಒರೆಸಿದಷ್ಟೂ ಗೀರು ಬೀಳುತ್ತದೆ, ಒರೆಸದಿದ್ದರೆ ಧೂಳನ್ನು ಸೆಳೆಯುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದರೆ ಸದ್ದಿನಲ್ಲೇ ಗೊತ್ತಾಗುತ್ತದೆ. ಟಫನ್ಡ್ ಗಾಜಾದರೆ ಪೋಲರಾಯ್ಡ್ ಕನ್ನಡಕ ಹಾಕಿ ಓರೆಯಾಗಿ ನೋಡಿ, ನೆರಳಿನಂಥ ಮಚ್ಚೆಗಳು ಕಾಣುತ್ತವೆ. ‘ಈ ತೂತು ನಾನೇ ಆಮೇಲೆ ಕೊರೆದದ್ದು’ ಎಂದು ಯಾರಾದರೂ ಹೆಮ್ಮೆಪಟ್ಟರೆ ಅದು ಟಫನ್ಡ್ ಅಲ್ಲ. ಟಫನ್ಡ್ ಗಾಜಿಗೆ ಆಮೇಲೆ ಡ್ರಿಲ್ ಇಟ್ಟರೆ ಹರಳುಹರಳಾಗಿ ಸಿಡಿಯುತ್ತದೆ. ಮಾಮೂಲಿ ಗಾಜು ಒಡೆದರೆ ಚೂರಿಯಾಗುತ್ತದೆ, ಮಕ್ಕಳಿರುವ ಮನೆಗೆ ತರಬೇಡಿ. ಬರೀ ಡಬಲ್ ಟೇಪಿನಲ್ಲಿ ಹಿಡಿಸಿದ ಕಿಟಕಿ ಬೇಸಿಗೆಯಲ್ಲಿ ಜಾರುತ್ತದೆ.

ಹಂತ 6: ವೈರು

ಎಲ್‌ಇಡಿ ಕನೆಕ್ಟರ್ ನೋಡಿ. ಮೂರು ಪಿನ್ನಿನದು 5 ವೋಲ್ಟ್, ನಾಲ್ಕು ಪಿನ್ನಿನದು 12 ವೋಲ್ಟ್. ಐದರ ಪಟ್ಟಿಯನ್ನು ಹನ್ನೆರಡಕ್ಕೆ ಸಿಕ್ಕಿಸಿದರೆ ಅದರ ಆಯಸ್ಸು ಕ್ಷಣಮಾತ್ರ. 5 ವೋಲ್ಟ್ ಪಟ್ಟಿಯ ದೀಪಗಳನ್ನು ಎಣಿಸಿ. ಪೂರ್ತಿ ಬಿಳಿ ಬೆಳಗಿದಾಗ ಒಂದೊಂದೂ 60 ಮಿಲಿಆಂಪ್‌ವರೆಗೆ ಎಳೆಯುತ್ತದೆ, ಬೋರ್ಡಿನ ಹೆಡರ್ (ಪಟ್ಟಿ ಸಿಕ್ಕಿಸುವ ಪಿನ್ನುಗಳು) ಸಾಮಾನ್ಯವಾಗಿ ತಡೆಯುವುದು 3 ಆಂಪ್. ಅಂದರೆ 50 ದೀಪ. ಅದಕ್ಕಿಂತ ಹೆಚ್ಚಿದ್ದರೆ ಎಸ್‌ಎಂಪಿಎಸ್‌ನಿಂದ ನೇರ ಕರೆಂಟು ಪಡೆಯುವ ಹಬ್ ಇರಬೇಕು. ಮೋಲೆಕ್ಸ್ ಎಂಬ ಹಳೆಯ ನಾಲ್ಕು ಪಿನ್ನಿನ ಕರೆಂಟು ಕನೆಕ್ಟರಿನಿಂದ ಡಿಸ್ಕಿನ ಸಾಟಾ ಕನೆಕ್ಟರಿಗೆ ಅಚ್ಚುಹೊಯ್ದ ಅಗ್ಗದ ಅಡಾಪ್ಟರ್ ಕಂಡರೆ ಅಲ್ಲೇ ಕತ್ತರಿಸಿ ಹಾಕಿ, ಒಳಗೇ ಕರಗಿ ಬೆಂಕಿ ಹಿಡಿದ ಅಡಾಪ್ಟರ್‌ಗಳು ಇದೇ ಜಾತಿಯವು. ಮೋಲೆಕ್ಸ್ ಮಾತ್ರ ಇರುವ ಫ್ಯಾನಿಗೆ ವೇಗದ ಹಿಡಿತವಿಲ್ಲ, ಅದಕ್ಕೆ ದುಡ್ಡು ಕೊಡಬೇಡಿ. ಮುಂದಿನ ಯುಎಸ್‌ಬಿಗೆ ಪೆನ್‌ಡ್ರೈವ್ ಹಾಕಿ, ಹೆಡ್‌ಫೋನ್ ಚುಚ್ಚಿ ನೋಡಿ.

ಹಂತ 7: ಈಗ ಬೆಳಕು ಹಾಕಿಸಿ ನೋಡಿ.

ಬೆಲೆಗೆ ಲೆಕ್ಕ ಸರಳ: ಅದೇ ಮಾದರಿ ಮಾಡ್ ಇಲ್ಲದೆ ಎಷ್ಟು, ಅದಕ್ಕೆ ಕೆಲಸಕ್ಕೆ ಬರುವ ಫ್ಯಾನುಗಳ ಬೆಲೆ ಕೂಡಿಸಿ, ನೀವು ಮತ್ತೆ ಸರಿಪಡಿಸಬೇಕಾದ್ದನ್ನು ಕಳೆಯಿರಿ. ಕೊರೆದವರ ಶ್ರಮಕ್ಕೆ ಎಷ್ಟು ಕೊಡುವುದು ನಿಮ್ಮ ಖುಷಿ, ಆದರೆ ಮೇಲಿನ ಮೂರು ಅಂಕಿ ಗೊತ್ತಿಲ್ಲದೆ ಚೌಕಾಸಿಗೆ ಇಳಿಯಬೇಡಿ.

ಆಟೊದಲ್ಲಿ ತರುವುದಾದರೆ ಗಾಜು ಬಿಚ್ಚಿ, ಟವೆಲ್ ಸುತ್ತಿ, ತೊಡೆಯ ಮೇಲೆ ನೆಟ್ಟಗೆ ಹಿಡಿದುಕೊಳ್ಳಿ. ಜೆ.ಸಿ. ರಸ್ತೆಯ ಒಂದು ಗುಂಡಿ ಸಾಕು. ಮನೆಗೆ ಬಂದು ಅದನ್ನು ಬರಿಯ ಗ್ರಾನೈಟ್ ಅಥವಾ ಟೈಲ್ಸ್ ಮೇಲೆ ಮೂಲೆ ಊರಿ ನಿಲ್ಲಿಸಬೇಡಿ, ಟಫನ್ಡ್ ಗಾಜಿನ ಜೀವ ಅಂಚಿನಲ್ಲೇ ಇರುವುದು. ಚಾಪೆಯ ಮೇಲೆ ಮಲಗಿಸಿಟ್ಟು ಆಮೇಲೆ ಸ್ಕ್ರೂಡ್ರೈವರ್ ಹುಡುಕಿ.