ಲಿಂಕ್ಡ್‌ಇನ್ ಪ್ರೊಫೈಲ್ ತಿದ್ದಿದೆ, ರಿಕ್ರೂಟರ್‌ಗಳೇ ಹುಡುಕಿಕೊಂಡು ಬಂದರು: ನನ್ನ ಅನುಭವ

"ರೆಫರಲ್ ಇಲ್ಲದೆ ಬೆಂಗಳೂರಲ್ಲಿ ಯಾರು ಕರೀತಾರೆ, ಪ್ರೊಫೈಲ್ ತಿದ್ದಿ ಏನು ಬರುತ್ತೆ" ಎಂದು ಟೀಮಿನಲ್ಲಿ ನಾಲ್ಕೈದು ಜನ ಹೇಳಿದ್ದರು. ತಿದ್ದಿದ ಮೇಲೆ, ವಾರಕ್ಕೆ ಹತ್ತೋ ಹನ್ನೆರಡೋ ಇದ್ದ ಸರ್ಚ್ ಅಪಿಯರೆನ್ಸ್ (ಲಿಂಕ್ಡ್‌ಇನ್ ಹುಡುಕಾಟದಲ್ಲಿ ಪ್ರೊಫೈಲ್ ಎಷ್ಟು ಸಲ ಕಂಡಿತು ಎಂಬ ಲೆಕ್ಕ) ಎರಡೂವರೆ ತಿಂಗಳಲ್ಲಿ ತೊಂಬತ್ತರ ಆಸುಪಾಸಿಗೆ ಹೋಯಿತು. ತಿಂಗಳಿಗೊಂದು ಬರುತ್ತಿದ್ದ ಮೆಸೇಜು ಈಗ ವಾರಕ್ಕೆ ಮೂರು ನಾಲ್ಕು, ಅದೂ ನನ್ನ ಕೆಲಸಕ್ಕೇ ಹೊಂದುವಂಥವು. ಅಂದು ಹಾಗೆಂದವರಲ್ಲಿ ಇಬ್ಬರು ತಮ್ಮ ಪ್ರೊಫೈಲ್ ತೋರಿಸಿ ಸಲಹೆ ಕೇಳಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ನನ್ನದು ಆಟೊಮೇಷನ್ ಟೆಸ್ಟಿಂಗ್ (ಸಾಫ್ಟ್‌ವೇರನ್ನು ಪ್ರೋಗ್ರಾಂ ಬರೆದು ಪರೀಕ್ಷಿಸುವ ಕೆಲಸ), ಎಂಟು ವರ್ಷ, ಸರ್ವಿಸ್ ಕಂಪನಿ. ಡೆವಲಪರ್‌ಗಳಿಗೂ ಬಹುಪಾಲು ಇದೇ ನಡೆಯುತ್ತದೆ.

ದೊಡ್ಡ ತಪ್ಪು ಇದ್ದದ್ದು ಡೆಸಿಗ್ನೇಷನ್‌ನಲ್ಲಿ. ಕಂಪನಿ ಕೊಟ್ಟ ಹೆಸರು 'ಸೀನಿಯರ್ ಅಸೋಸಿಯೇಟ್'. ಟೆಸ್ಟಿಂಗ್ ಹುದ್ದೆಗೆ ಜನ ಬೇಕಾದ ಯಾವ ರಿಕ್ರೂಟರ್ ಈ ಪದ ಟೈಪ್ ಮಾಡಿ ಹುಡುಕುತ್ತಾರೆ? ಟೈಟಲ್ ಜಾಗದಲ್ಲಿ 'ಕ್ಯೂಎ ಆಟೊಮೇಷನ್ ಎಂಜಿನಿಯರ್' (ಕ್ಯೂಎ ಅಂದರೆ ಕ್ವಾಲಿಟಿ ಅಶ್ಯೂರೆನ್ಸ್) ಎಂದು ಮೊದಲು ಹಾಕಿ, ಒಂದು ಗೀಟು ಎಳೆದು, ಕಂಪನಿಯ ಡೆಸಿಗ್ನೇಷನ್ ಪಕ್ಕದಲ್ಲೇ ಉಳಿಸಿದೆ. ಪೂರ್ತಿ ಅಳಿಸಬೇಡಿ. ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್‌ನಲ್ಲಿ ರಿಲೀವಿಂಗ್ ಲೆಟರ್ (ಕೆಲಸ ಬಿಡುವಾಗ ಕಂಪನಿ ಕೊಡುವ ಪತ್ರ) ಜೊತೆ ತಾಳೆ ನೋಡುವಾಗ ಸುಮ್ಮನೆ ತೊಡಕಾಗುತ್ತದೆ.

ಹೆಸರಿನ ಕೆಳಗೆ ಬರುವ ಹೆಡ್‌ಲೈನಿಗೆ 220 ಅಕ್ಷರ ಸಿಗುತ್ತದೆ. ಮೊದಲು 'ಗುಣಮಟ್ಟದ ಬಗ್ಗೆ ಅಪಾರ ಒಲವಿರುವ ವೃತ್ತಿಪರ' ಎಂಬರ್ಥದ ಇಂಗ್ಲಿಷ್ ಸಾಲಿತ್ತು. ಅದರಲ್ಲಿ ಹುಡುಕಾಟಕ್ಕೆ ಸಿಗುವ ಪದ ಒಂದೂ ಇಲ್ಲ. ಅದನ್ನು ತೆಗೆದು ಹಾಕಿದ್ದು: 'ಕ್ಯೂಎ ಆಟೊಮೇಷನ್ ಎಂಜಿನಿಯರ್ | ಸೆಲೆನಿಯಂ, ಜಾವಾ, ಎಪಿಐ ಟೆಸ್ಟಿಂಗ್, ಜೆಂಕಿನ್ಸ್ | ಬ್ಯಾಂಕಿಂಗ್, ಪೇಮೆಂಟ್ಸ್ | 8 ವರ್ಷ'. ಟೂಲ್ ಹೆಸರುಗಳನ್ನು ಮನಸ್ಸಿಗೆ ಬಂದ ಹಾಗೆ ಆರಿಸಲಿಲ್ಲ. ಬೆಂಗಳೂರಿನ ಮೂವತ್ತು ಜಾಬ್ ಡಿಸ್ಕ್ರಿಪ್ಷನ್ ಎಕ್ಸೆಲ್‌ಗೆ ಹಾಕಿ, ಯಾವ ಪದ ಎಷ್ಟು ಸಲ ಬಂತೆಂದು ಎಣಿಸಿದೆ. ಒಂದು ಸಂಜೆಯ ಕೆಲಸ, ಆದರೆ ಉಳಿದದ್ದೆಲ್ಲ ನಿಂತಿರುವುದು ಇದರ ಮೇಲೆ. ಆ ಪಟ್ಟಿಯಲ್ಲಿ ಮೇಲಿದ್ದವನ್ನೇ ಸ್ಕಿಲ್ಸ್‌ನಲ್ಲೂ ಹಾಕಿ, ಪ್ರತಿ ಕೆಲಸದ ಕೆಳಗೂ ಜೋಡಿಸಿದೆ. ಮೂವತ್ತರ ಹತ್ತಿರ ಇಟ್ಟಿದ್ದೇನೆ. ಎಂಎಸ್ ಆಫೀಸ್, ಟೀಮ್‌ವರ್ಕ್ ಇವನ್ನು ತೆಗೆದುಹಾಕಿದೆ. ಸ್ಕಿಲ್‌ಗಳನ್ನು ಯಾವ ಕ್ರಮದಲ್ಲಿ ಇಟ್ಟೆ ಎಂಬುದು ಮಾತ್ರ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಅನುಭವದ ಕೆಳಗೆ 'ರಿಗ್ರೆಷನ್ ಟೆಸ್ಟಿಂಗ್‌ನಲ್ಲಿ ಭಾಗಿಯಾಗಿದ್ದೆ' (ಹೊಸ ಬದಲಾವಣೆಯಿಂದ ಹಳೆಯದು ಕೆಟ್ಟಿಲ್ಲವೇ ಎಂದು ಮತ್ತೆ ಪರೀಕ್ಷಿಸುವುದು) ಎಂದು ಬರೆಯುವುದು ನಮ್ಮವರೆಲ್ಲರ ಅಭ್ಯಾಸ. ಅದನ್ನು 'ಸುಮಾರು 1,400 ಟೆಸ್ಟ್ ಕೇಸಿನ ರಿಗ್ರೆಷನ್ ಎರಡು ದಿನ ಹಿಡಿಯುತ್ತಿತ್ತು, ಸಮಾನಾಂತರವಾಗಿ ಓಡಿಸಿ ಐದು ಗಂಟೆಗೆ ಇಳಿಸಿದೆ' ಎಂದು ಬದಲಿಸಿದೆ. ಇಂಟರ್‌ವ್ಯೂನಲ್ಲೂ ಮೊದಲ ಪ್ರಶ್ನೆ ಇದರ ಮೇಲೇ ಬರುತ್ತದೆ, ಆದ್ದರಿಂದ ವಿವರಿಸಲು ಬರುವ ಅಂಕಿಯನ್ನೇ ಹಾಕಿ. ಕ್ಲೈಂಟ್ ಹೆಸರು ಬೇಡ, 'ಅಮೆರಿಕದ ದೊಡ್ಡ ಬ್ಯಾಂಕ್' ಎಂದರೆ ಸಾಕು.

ದುಡ್ಡು ಕಳೆದದ್ದು ಹೇಳಬೇಕು. ರೆಸ್ಯೂಮೆ ಬರೆದುಕೊಡುವವರಿಗೆ ಮೂರೂವರೆ ಸಾವಿರ ಕೊಟ್ಟೆ. ಎರಡು ಕಾಲಂ, ಬಣ್ಣದ ಪಟ್ಟಿ, ಸ್ಕಿಲ್‌ಗೆ ಚುಕ್ಕೆಗಳು, ನೋಡಲು ಚೆಂದ. ನೌಕ್ರಿ ಎಂಬ ಉದ್ಯೋಗದ ವೆಬ್‌ಸೈಟಿಗೆ ಹಾಕಿದಾಗ ಎಡಗಡೆಯ ಸ್ಕಿಲ್‌ಗಳು ಕಂಪನಿ ಹೆಸರಿನ ಜೊತೆ ಕಲೆಸಿಹೋದವು. ಹೆಡರ್‌ನಲ್ಲಿ ಕೂರಿಸಿದ್ದ ಫೋನ್ ನಂಬರ್ ಬರಲೇ ಇಲ್ಲ. ಸಾಫ್ಟ್‌ವೇರ್ ಎರಡು ಕಾಲಮನ್ನು ಒಂದೇ ಸಾಲೆಂದು ಅಡ್ಡಡ್ಡ ಓದಿದರೆ ಹೀಗಾಗುತ್ತದೆ. ಕೊನೆಗೆ ನಾನೇ ವರ್ಡ್‌ನಲ್ಲಿ ಒಂದೇ ಕಾಲಮಿನಲ್ಲಿ ಟೈಪ್ ಮಾಡಿದ ಎರಡು ಪುಟವೇ ಸರಿಯಾಗಿ ಕೂತಿತು. ಲಿಂಕ್ಡ್‌ಇನ್ ಪ್ರೀಮಿಯಂಗೆ ಎರಡು ತಿಂಗಳು ಸೇರಿ ಮೂರು ಸಾವಿರದ ಹತ್ತಿರ ಹೋಯಿತು. ಪ್ರೊಫೈಲ್ ನೋಡಿದವರ ಉದ್ದನೆಯ ಪಟ್ಟಿ ಸಿಕ್ಕಿತು, ಸರ್ಚ್ ಲೆಕ್ಕ ಕದಲಲಿಲ್ಲ. ಜಯನಗರದ ಸ್ಟುಡಿಯೋದಲ್ಲಿ ನಾನೂರು ಕೊಟ್ಟು ತೆಗೆಸಿದ ಫೋಟೋ ಬಗ್ಗೆ ಮಾತ್ರ ಬೇಸರವಿಲ್ಲ.

ಕೆಲಸ ಹುಡುಕುತ್ತಿದ್ದೇನೆ ಎಂದು ಲಿಂಕ್ಡ್‌ಇನ್‌ನಲ್ಲಿ ತೋರಿಸುವ 'ಓಪನ್ ಟು ವರ್ಕ್' ಬಗ್ಗೆ ಜನಕ್ಕೆ ಗೊಂದಲವಿದೆ. ಫೋಟೋಗೆ ಅದರ ಹಸಿರು ಚೌಕಟ್ಟು ಹಾಕಿ ಮೂರು ವಾರ ನೋಡಿದೆ. ಬಂದದ್ದು ಬಹುತೇಕ ಟ್ರೈನಿಂಗ್ ಇನ್‌ಸ್ಟಿಟ್ಯೂಟ್, ವಿಮೆ ಏಜೆಂಟರ ಮೆಸೇಜು. ಆಮೇಲೆ 'ರಿಕ್ರೂಟರ್‌ಗಳಿಗೆ ಮಾತ್ರ' ಎಂದು ಬದಲಿಸಿದೆ. ನಿಮ್ಮ ಕಂಪನಿಯ ರಿಕ್ರೂಟರ್‌ಗೆ ಕಾಣದ ಹಾಗೆ ಲಿಂಕ್ಡ್‌ಇನ್‌ನವರು ಪ್ರಯತ್ನಿಸುತ್ತಾರೆ, ಖಾತ್ರಿ ಕೊಡುವುದಿಲ್ಲ, ಅದು ತಿಳಿದಿರಲಿ. ಅಲ್ಲಿ ಐದು ಜಾಬ್ ಟೈಟಲ್ ಕೊಡಬಹುದು, ಐದನ್ನೂ ಬಳಸಿ: ಎಸ್‌ಡಿಇಟಿ (ಸಾಫ್ಟ್‌ವೇರ್ ಡೆವಲಪ್‌ಮೆಂಟ್ ಎಂಜಿನಿಯರ್ ಇನ್ ಟೆಸ್ಟ್), ಟೆಸ್ಟ್ ಆಟೊಮೇಷನ್ ಎಂಜಿನಿಯರ್, ಹೀಗೆ ಒಂದೇ ಕೆಲಸದ ಬೇರೆ ಬೇರೆ ಹೆಸರು. ತಿದ್ದುವಾಗ ನೆಟ್‌ವರ್ಕ್‌ಗೆ ಸುದ್ದಿ ಕಳಿಸುವ ಸ್ವಿಚ್ ಆಫ್ ಇರಲಿ, ಮ್ಯಾನೇಜರ್‌ಗೆ ನೋಟಿಫಿಕೇಷನ್ ಹೋಗುವುದು ಬೇಡ.

2020ರಲ್ಲಿ ಊರಿಗೆ ಹೋದಾಗ ಲೊಕೇಷನ್ ಹಾಸನ, ತುಮಕೂರು ಎಂದು ಬದಲಿಸಿ ಹಾಗೇ ಬಿಟ್ಟವರು ಇನ್ನೂ ಇದ್ದಾರೆ. ರಿಕ್ರೂಟರ್ ಬೆಂಗಳೂರು ಎಂದು ಫಿಲ್ಟರ್ ಹಾಕಿದರೆ ನೀವು ಪಟ್ಟಿಯಲ್ಲೇ ಇರುವುದಿಲ್ಲ. ಪ್ರೊಫೈಲಿನ 'ಅಬೌಟ್' ಭಾಗದ ಕೊನೆಗೆ ನಾನು ಒಂದು ಸಾಲು ಸೇರಿಸಿದೆ: ಕೆಂಗೇರಿಯಲ್ಲಿ ವಾಸ, ವೈಟ್‌ಫೀಲ್ಡ್‌ಗೆ ನೇರ ಮೆಟ್ರೊ, ವಾರಕ್ಕೆ ಮೂರು ದಿನ ಆಫೀಸ್ ಒಪ್ಪಿಗೆ. ಮಾನ್ಯತಾ ಟೆಕ್ ಪಾರ್ಕ್, ಐದು ದಿನ ಎಂದು ಶುರುವಾಗುವ ಕರೆಗಳು ಅರ್ಧಕ್ಕರ್ಧ ಕಡಿಮೆಯಾದವು.

ನೌಕ್ರಿಯಲ್ಲಿ ನೋಟಿಸ್ ಪೀರಿಯಡ್ಡೇ ದೊಡ್ಡ ಅಡ್ಡಿ. 90 ದಿನ ಇದ್ದವರು 30 ಎಂದು ಹಾಕಿದರೆ ಕರೆ ಬರುತ್ತದೆ, ಮೊದಲ ನಿಮಿಷದಲ್ಲೇ ಮಾತು ಮುಗಿಯುತ್ತದೆ. ನಿಜವನ್ನೇ ಹಾಕಿ, ಬೈಔಟ್ (ಉಳಿದ ನೋಟಿಸ್ ದಿನಗಳಿಗೆ ದುಡ್ಡು ಕಟ್ಟಿ ಬೇಗ ಬಿಡುವುದು) ಸಾಧ್ಯವಿದ್ದರೆ ರೆಸ್ಯೂಮೆ ಹೆಡ್‌ಲೈನಿನಲ್ಲಿ ಹೇಳಿ. ವಾರಕ್ಕೆರಡು ಸಲ ಒಂದು ಪದ ಬದಲಿಸಿ ಸೇವ್ ಮಾಡುತ್ತೇನೆ, ಪ್ರೊಫೈಲ್ ಹೊಸದಾಗಿ ಅಪ್‌ಡೇಟ್ ಆದದ್ದೆಂದು ಕಾಣುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ ಎಂಬುದನ್ನು ನೀವೇ ಪರೀಕ್ಷಿಸಿ ಕಂಡುಕೊಳ್ಳಿ.

ದಿನಕ್ಕೊಂದು ಪೋಸ್ಟ್ ಹಾಕುವ ಪ್ರಯೋಗವನ್ನೂ ಒಂದು ತಿಂಗಳು ಮಾಡಿದೆ. ಲೈಕ್ ಕೊಟ್ಟವರು ವಿದ್ಯಾರ್ಥಿಗಳು, ರಿಕ್ರೂಟರ್ ಒಬ್ಬರೂ ಬರಲಿಲ್ಲ.

ಎಲ್ಲವನ್ನೂ ಒಂದೇ ದಿನ ಬದಲಿಸಬೇಡಿ. ಒಂದನ್ನು ತಿದ್ದಿ ಎರಡು ವಾರ ಬಿಟ್ಟು, ಸರ್ಚ್ ಅಪಿಯರೆನ್ಸ್ ಪುಟದಲ್ಲಿ ಯಾವ ಟೈಟಲ್‌ಗೆ ನೀವು ಸಿಕ್ಕಿರಿ ಎಂದು ನೋಡಿ. ನನಗೆ ಮೊದಲು ಅಲ್ಲಿ 'ಮ್ಯಾನುಯಲ್ ಟೆಸ್ಟರ್' ಬರುತ್ತಿತ್ತು, ಈಗ 'ಎಸ್‌ಡಿಇಟಿ' ಬರುತ್ತದೆ. ಹೋದ ವಾರ ಹೆಡ್‌ಲೈನಿನಲ್ಲಿ ಜೆಂಕಿನ್ಸ್ ತೆಗೆದು ಪ್ಲೇರೈಟ್ ಎಂಬ ಟೆಸ್ಟಿಂಗ್ ಟೂಲ್ ಹಾಕಿದ್ದೇನೆ. ಇನ್ನೊಂದು ವಾರ ಬೇಕು ಲೆಕ್ಕ ಗೊತ್ತಾಗಲು.