ಎಫ್‌ಎಂ10ಗೆ ಸಿಕ್ಕ ಪುಟ್ಟ 50

ನನ್ನ ಫಿಲ್ಮ್ ಕ್ಯಾಮೆರಾ ನಿಕಾನ್ ಎಫ್‌ಎಂ10 ಜೊತೆಗೆ ಬಂದಿದ್ದು 35-70 ಎಂಎಂ ಜೂಮ್ ಲೆನ್ಸು. ಹಗಲಲ್ಲಿ ಅದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ಆದರೆ ನಾನು ಕ್ಯಾಮೆರಾ ಹಿಡಿದು ಹೋಗುವುದು ಬೆಳಗಿನ ಜಾವ, ಕೆ.ಆರ್. ಮಾರ್ಕೆಟ್ಟಿನ ಹೂವಿನ ಸಾಲಿಗೆ. ಅಲ್ಲಿ ಬಲ್ಬಿನ ಬೆಳಕೇ ಗತಿ. ಬೇಗ ಬೆಳಕು ಹೀರುವ 400ರ ರೀಲು ಹಾಕಿದರೂ ಎಫ್/4ಕ್ಕೆ (ಈ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸು ಹೆಚ್ಚು ಬೆಳಕು ಬಿಡುತ್ತೆ) ಸಿಗುತ್ತಿದ್ದದ್ದು 1/15 ಸೆಕೆಂಡು. ಸೇವಂತಿಗೆ ರಾಶಿ ಚೆನ್ನಾಗಿ ಬರುತ್ತಿತ್ತು, ಮಾರುವವರು ಮಾತ್ರ ಹೊಗೆ ಥರ. ಜೊತೆಗೆ ಇನ್ನೊಂದು ಕಾಟ. ಕಣ್ಣು ಚೂರು ಜರುಗಿದರೂ ವ್ಯೂಫೈಂಡರ್ ನಡುವೆ ಫೋಕಸ್ ನೋಡಲು ಇರುವ ಸ್ಪ್ಲಿಟ್ ವೃತ್ತದ ಅರ್ಧ ಕಪ್ಪಾಗುತ್ತಿತ್ತು.

ಹೆಚ್ಚು ಬೆಳಕು ಬಿಡುವ ಪುಟ್ಟ ಲೆನ್ಸೊಂದನ್ನು ಹುಡುಕತೊಡಗಿದೆ. ಎಫ್/1.4 ಲೆನ್ಸನ್ನು ಬೇಗ ಬಿಟ್ಟೆ. ಹಗುರ ಬಾಡಿಗೆ ಅದು ಮೂತಿಭಾರ. 45 ಎಂಎಂ ಎಫ್/2.8 ಪಿ ಬಿಸ್ಕತ್ತಿನಷ್ಟು ತೆಳ್ಳಗಿದೆ, ನೋಡಿದರೆ ಆಸೆಯಾಗುತ್ತೆ. ಆದರೆ ನನ್ನ ಕತ್ತಲೆಗೆ 2.8 ಸಾಲದು, ಬೆಲೆಯೂ ಜಾಸ್ತಿ. ಉಳಿದಿದ್ದು 50 ಎಂಎಂ ಎಫ್/1.8 ಸೀರೀಸ್ ಇ. 1979ರಲ್ಲಿ ಇಎಂ ಅನ್ನೋ ಅಗ್ಗದ ಕ್ಯಾಮೆರಾ ಜೊತೆ ಬಂದ ಲೆನ್ಸು. ಅದಕ್ಕೆ ನಿಕಾನ್ ತನ್ನ ಲೆನ್ಸುಗಳಿಗಿಡುವ 'ನಿಕ್ಕೋರ್' ಹೆಸರನ್ನೂ ಕೊಡಲಿಲ್ಲ, ಪಾಪ.

ಮೊದಲು ತಂದ ಪೀಸು ಕೈಕೊಟ್ಟಿತು. ಅಂಗಡಿಯಲ್ಲಿ ಸುಮ್ನೆ ಮುಂದಿನ ಗಾಜು ನೋಡಿ ದುಡ್ಡು ಕೊಟ್ಟಿದ್ದೆ. ಮನೆಗೆ ಬಂದು ಮೊಬೈಲ್ ಟಾರ್ಚನ್ನು ಹಿಂದಿನಿಂದ ಬಿಟ್ಟಾಗ ಒಳಗೆ ಜೇಡರ ಬಲೆ ಥರ ಫಂಗಸ್. ವಾಪಸ್ ತಗೊಳ್ಳಲಿಲ್ಲ.

ಎರಡನೇ ಸಲ ಟಾರ್ಚ್ ಜೊತೆಗೇ ಹೋದೆ. ಅಪರ್ಚರನ್ನು, ಅಂದರೆ ಬೆಳಕು ಬಿಡುವ ಕಿಂಡಿಯನ್ನು, ಎಫ್/16ಕ್ಕೆ ತಿರುಗಿಸಿ, ಹಿಂಬದಿಯ ಪುಟ್ಟ ಲಿವರನ್ನು ಉಗುರಿನಿಂದ ತಳ್ಳಿ ಬಿಟ್ಟೆ. ಕಿಂಡಿಯ ಬ್ಲೇಡುಗಳು ಟಕ್ಕಂತ ಮುಚ್ಚಿಕೊಂಡವು. ನಿಧಾನಕ್ಕೆ ಮುಚ್ಚಿದರೆ ಎಣ್ಣೆ ಇಳಿದಿದೆ ಅಂತಲೇ ಲೆಕ್ಕ, ಬ್ಲೇಡಿನ ಮೇಲೆ ಜಿಡ್ಡೂ ಹೊಳೆಯುತ್ತೆ. ಫೋಕಸ್ ರಿಂಗನ್ನು ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ತಿರುಗಿಸಿದೆ. ಎಲ್ಲೂ ಗರಗರ ಇಲ್ಲ. ಅಪರ್ಚರ್ ರಿಂಗಿನ ಮೇಲೆ ಹಳೇ ನಿಕ್ಕೋರ್‌ಗಳ ಥರ ಲೋಹದ ಕೊಂಬು ಇರಲಿಲ್ಲ. ತೀರಾ ಹಳೇ ನಿಕಾನ್ ಇದ್ದವರಿಗೆ ಅದು ಬೇಕು, ಎಫ್‌ಎಂ10ಗೆ ಬೇಡ.

ಈಗ ಅದೇ ಬೆಳಕಲ್ಲಿ ಎಫ್/2, 1/60. ಕೈಯಲ್ಲೇ ಹಿಡಿಯಬಹುದು. ಫ್ರೇಮಿನ ಹೊರಗಿನ ಬಲ್ಬಿನ ಬೆಳಕು ನೇರ ಲೆನ್ಸಿಗೆ ಬಿದ್ದರೆ ಚಿತ್ರ ಸ್ವಲ್ಪ ಮಸುಕಾಗುತ್ತೆ. ಲೆನ್ಸಿನ ಮುಂದೆ ನೆರಳಿಗೆ ಹಾಕುವ ಹುಡ್ ಹಾಕಿದರೆ ಪುಟ್ಟ ಲೆನ್ಸು ತಗೊಂಡಿದ್ದಕ್ಕೆ ಅರ್ಥವೇ ಇಲ್ಲವಲ್ಲ, ಅದಕ್ಕೆ ಅಂಗೈ ಅಡ್ಡ ಹಿಡಿಯುತ್ತೇನೆ. ಮನೆಯಲ್ಲಿ ಲೆನ್ಸಿನ ಜಾಗ ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಜೊತೆ.

ಒಂದೇ ಕೊರಗು: 0.6 ಮೀಟರಿಗಿಂತ ಹತ್ತಿರ ಫೋಕಸ್ ಆಗಲ್ಲ. ಜಪಾನಿನಲ್ಲಷ್ಟೇ ಮಾರಿದ ನಿಕಾನಿನ ತೆಳ್ಳಗಿನ ಎಐ-ಎಸ್ 50 ಎಂಎಂ ಲೆನ್ಸು ಆಗಿದ್ದರೆ 0.45 ಮೀಟರಿನ ತನಕ ಹೋಗುತ್ತಿತ್ತು. ಅಂದರೆ ಹೆಚ್ಚುಕಮ್ಮಿ ಒಂದು ಮೊಳ. ನನ್ನದಕ್ಕೆ ಅದರ ಮೇಲೆ ಮುಕ್ಕಾಲು ಗೇಣು ಬೇಕು. ಮೊನ್ನೆ ಮಲ್ಲಿಗೆ ಕುಕ್ಕೆ ಮುಂದೆ ಕೂತು, ದೂರ ಅಂದಾಜು ಮಾಡಲು ಮೊಳಕೈ ಚಾಚಿದೆ. ಹೂವಿನಮ್ಮ ನಕ್ಕು ಕೇಳಿದರು, "ಎಷ್ಟು ಮೊಳ ಕೊಡ್ಲಿ ಸಾರ್?"