ಸಭೆಯ ಕಮಿಟಿಗೆ ಯಾರನ್ನು ಆರಿಸಬೇಕು? ವೋಟು ಹಾಕುವ ಮುಂಚೆ ನೋಡಬೇಕಾದ್ದು

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ, ಅಂದರೆ ಊರೂರಿನ ಚರ್ಚುಗಳಲ್ಲಿ, ಕಮಿಟಿ ಚುನಾವಣೆ ಹತ್ತಿರ ಬಂತೆಂದರೆ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಗುಂಪು ಗುಂಪಾಗಿ ಮಾತು ಶುರು. ಯಾರ ಮನೆತನ ದೊಡ್ಡದು, ಯಾರಿಗೆ ದೊಡ್ಡವರ ಪರಿಚಯ ಇದೆ, ಮೈಕ್ ಹಿಡಿದರೆ ಯಾರು ಚೆನ್ನಾಗಿ ಮಾತಾಡುತ್ತಾರೆ. ಇದೇ ಲೆಕ್ಕದಲ್ಲಿ ನಾನೂ ಎರಡು ಸಲ ವೋಟು ಹಾಕಿದ್ದೇನೆ. ಎರಡು ಸಲವೂ ಕೈ ಸುಟ್ಟುಕೊಂಡೆ.

ಅಯ್ಯನವರನ್ನು, ಅಂದರೆ ಸಭೆಯ ಪಾದ್ರಿಯನ್ನು, ನಾವು ಆರಿಸುವುದಿಲ್ಲ. ಡಯಾಸಿಸ್ (ಬಿಷಪ್ ಕೈಕೆಳಗಿನ ಪ್ರಾಂತ) ಕಳಿಸುತ್ತದೆ, ಕೆಲವು ವರ್ಷಕ್ಕೆ ವರ್ಗವೂ ಆಗುತ್ತದೆ. ಊರಲ್ಲೇ ಉಳಿಯುವವರು ಕಮಿಟಿಯವರು. 1947ರಲ್ಲಿ ಸಿಎಸ್‌ಐ ಹುಟ್ಟಿದಾಗ ಬಿಷಪ್ ಇರುವ ಪದ್ಧತಿಯ ಜೊತೆಗೆ, ಸಭೆಯವರೇ ಹಿರಿಯರನ್ನು ಆರಿಸುವ ಪದ್ಧತಿಯೂ ಬಂದು ಸೇರಿತು. ಆ ಹಕ್ಕನ್ನು ಸುಮ್ನೆ ಕಳೆಯಬಾರದು, ಅಲ್ವಾ?

ಮೊದಲು ಹೆಸರುಗಳನ್ನು ಬದಿಗಿಡಿ. ಈ ಸಭೆಯಲ್ಲಿ ಯಾರ ದೂರನ್ನು ಯಾರೂ ಕೇಳುತ್ತಿಲ್ಲ ಎಂದು ಒಂದು ಚೀಟಿಯಲ್ಲಿ ಬರೆಯಿರಿ. ಬೈಬಲಿನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲಿ ಇದೇ ಆಗಿದ್ದು. ಯೆರೂಸಲೇಮಿನಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಿದರು ಎಂದು ಗುಣುಗುಟ್ಟುವಿಕೆ ಎದ್ದಿತು. ಏಳು ಜನರನ್ನು ಆರಿಸಿದರು. ಸ್ತೆಫನ, ಫಿಲಿಪ್ಪ, ನಿಕನೋರ... ಏಳೂ ಗ್ರೀಕ್ ಹೆಸರು! ನೊಂದವರ ಕಡೆಯವರ ಕೈಗೇ ಸೌಟು ಕೊಟ್ಟ ಹಾಗೆ ನನಗೆ ಕಾಣುತ್ತದೆ. ನಿಮ್ಮ ಚೀಟಿಯಲ್ಲಿ ಇರುವವರು ಹಾಸಿಗೆ ಹಿಡಿದ ಮುದುಕರೋ, ಬಾಡಿಗೆ ಮನೆಯ ಹೊಸ ಕುಟುಂಬಗಳೋ? ಅವರ ಮನೆ ಬಾಗಿಲು ಗೊತ್ತಿರುವವರು ಯಾರು, ಅದನ್ನು ನೋಡಿ.

ಆಮೇಲೆ ಬೈಬಲಿನ 1 ತಿಮೊಥೆಯ 3ನೇ ಅಧ್ಯಾಯ ಓದಿ. ಸಭೆ ನಡೆಸುವವರು ಹೇಗಿರಬೇಕೆಂದು ಅಪೊಸ್ತಲ ಪೌಲ ಕೊಟ್ಟ ಪಟ್ಟಿಯಲ್ಲಿ ಅತಿಥಿಸತ್ಕಾರ ಇದೆ, ಜಗಳಗಂಟ ಆಗಬಾರದು, ಕುಡುಕ ಆಗಬಾರದು, ಹಣದಾಸೆ ಇರಬಾರದು ಎಂದಿದೆ. ಪ್ರತಿಭೆ ಅನ್ನಬಹುದಾದ್ದು ಬೋಧಿಸುವ ಶಕ್ತಿ ಒಂದೇ. ಉಳಿದದ್ದು ಹೆಚ್ಚುಕಡಿಮೆ ಎಲ್ಲ ನಡತೆ. ಹೊರಗಿನವರಲ್ಲೂ ಒಳ್ಳೆಯ ಹೆಸರಿರಬೇಕು ಎಂಬ ಮಾತನ್ನು ನಾವು ಜಾಸ್ತಿ ಮರೆಯುತ್ತೇವೆ. ಅಭ್ಯರ್ಥಿ ಸಾಮಾನು ತರುವ ಅಂಗಡಿಯವರನ್ನು, ಮನೆಗೆಲಸಕ್ಕೆ ಬರುವವರನ್ನು ಮೆಲ್ಲಗೆ ವಿಚಾರಿಸಿ. ಸಭೆಯೊಳಗೆ ಕೇಳದ ಸಂಗತಿ ಅಲ್ಲಿ ಸಿಗುತ್ತದೆ.

ಮುಂದಿನದು ದುಡ್ಡು. ಇದರಲ್ಲಿ ಅವಸರ ಬೇಡ. ಚರ್ಚಿನ ಸುಗ್ಗಿ ಹಬ್ಬದ ಏಲಂನಲ್ಲಿ (ಹರಾಜಿನಲ್ಲಿ) ಒಂದು ಕುಂಬಳಕಾಯಿಗೆ ಸಂತೆಯ ರೇಟಿಗಿಂತ ಹತ್ತು ಪಟ್ಟು ಕೂಗುವ ಅಜ್ಜಿ ಇರುತ್ತಾರೆ. ಅದು ಕಾಣಿಕೆ. ಅದರ ಲೆಕ್ಕ ಬರೆದು ಓದಬಲ್ಲವರು ಬೇಕು. ಪೌಲನು ಯೆರೂಸಲೇಮಿನ ಬಡವರಿಗೆ ಚಂದಾ ಎತ್ತಿದಾಗ ಒಬ್ಬನೇ ಒಯ್ಯಲು ಒಪ್ಪಲಿಲ್ಲ. ಯಾರೂ ಬೊಟ್ಟು ಮಾಡಬಾರದೆಂದು ಬೇರೆಯವರನ್ನೂ ಜೊತೆಗೆ ಸೇರಿಸಿಕೊಂಡ. 2 ಕೊರಿಂಥ 8ರಲ್ಲಿದೆ. ಹಾಗಾಗಿ ಅಭ್ಯರ್ಥಿಗೆ ನೇರವಾಗಿ ಕೇಳಿ: ‘ಕಾಣಿಕೆ ಎಣಿಸುವಾಗ ಇಬ್ಬರು ಇರಲಿ, ಮೂರು ತಿಂಗಳಿಗೊಮ್ಮೆ ಲೆಕ್ಕ ಬೋರ್ಡಿಗೆ ಹಾಕೋಣ, ಆಗಬಹುದಾ?’ ‘ನನ್ನ ಮೇಲೆ ನಂಬಿಕೆ ಇಲ್ವಾ?’ ಎಂದು ಮುಖ ಕೆಂಪಾದರೆ ಬೇರೆ ಹೆಸರು ಹುಡುಕಿ.

ಹೆಂಗಸರ ಹೆಸರು ಬಂದಾಗ ‘ಸ್ತ್ರೀ ಸಂಘ ಇದೆಯಲ್ಲ’ ಅನ್ನುವವರು ಈಗಲೂ ಇದ್ದಾರೆ. 2013ರಲ್ಲೇ ಸಿಎಸ್‌ಐ ನಂದ್ಯಾಲದಲ್ಲಿ ಇ. ಪುಷ್ಪಲಲಿತಾ ಅವರನ್ನು ಬಿಷಪ್ ಮಾಡಿ ಆಯಿತು. ಇನ್ನೇನು ಹೇಳುವುದು!

ಕೊನೆಗೆ ಒಂದು ಕಷ್ಟ ಇದೆ. ಇಷ್ಟೆಲ್ಲ ನೋಡಿ ಒಬ್ಬರನ್ನು ಗುರುತಿಸಿದರೆ ಅವರು ‘ನನಗ್ಯಾಕಪ್ಪಾ’ ಅನ್ನುತ್ತಾರೆ. ಒಂದು ವಾರ ಬಿಟ್ಟು ಮತ್ತೆ ಹೋಗಿ. ಒಬ್ಬರೇ ಹೋಗಬೇಡಿ, ಚೀಟಿಯಲ್ಲಿ ಬರೆದ ಮನೆಗಳಿಂದಲೇ ಇಬ್ಬರನ್ನು ಕರೆದುಕೊಂಡು ಹೋಗಿ. ಒಪ್ಪಿದರೆ ಸೂಚಕರು, ಅನುಮೋದಕರು ಅಂತ ಅವರಿಬ್ಬರ ಸಹಿ ಅಲ್ಲೇ ಹಾಕಿಸಿಬಿಡಿ.